ಜಿರ್ಕೋನಿಯಂ ಮರೆಯಲ್ಲಿ ಅಡಗಿದ್ದ ಹಾಫ್ನಿಯಂ

ನಮ್ಮ ಕಾರವಾರ ತಾಲ್ಲೂಕಿನ ಕೈಗಾ ಅಣುಸ್ಥಾವರಕ್ಕೆ ಬೇಕಾದ ಇಂಧನದ ಕಟ್ಟುಗಳು ತಯಾರಾಗುವುದು ನಾನಿರುವ ಹೈದರಾಬಾದಿನಲ್ಲಿ. ಇಸಿಐಎಲ್ ಕಡೆಯ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್ ಎಂಬ ಕಾರ್ಖಾನೆಯಲ್ಲಿ. ಯುರೇನಿಯಂ ಗುಳಿಗೆಗಳನ್ನು ಅಲ್ಲಿ ಜಿರ್ಕೋನಿಯಂ ಮಿಶ್ರಲೋಹದ ಸಣ್ಣ ಕೊಳವೆಗಳಲ್ಲಿ ತುಂಬುತ್ತಾರೆ. ಆದರೆ ಕೊಳವೆ ಮಾಡುವ ಮೊದಲು ಆ ಜಿರ್ಕೋನಿಯಂನಿಂದ ಇನ್ನೊಂದು ಲೋಹವನ್ನು ಓಡಿಸಬೇಕು. ಅದೇ ಹಾಫ್ನಿಯಂ.

ಕೇರಳ, ತಮಿಳುನಾಡು, ಒಡಿಶಾದ ಕಡಲತೀರದ ಮರಳಿನಲ್ಲಿ ಜಿರ್ಕಾನ್ ಎಂಬ ಖನಿಜ ಸಿಗುತ್ತದೆ. ಅದರಲ್ಲಿ ಜಿರ್ಕೋನಿಯಂ ಇದ್ದಲ್ಲೆಲ್ಲ ನೂರಕ್ಕೆ ಒಂದೆರಡು ಪಾಲು ಹಾಫ್ನಿಯಂ ಇದ್ದೇ ಇರುತ್ತದೆ. ಅದಕ್ಕೆಂದೇ ಬೇರೆ ಗಣಿಯಿಲ್ಲ. ಎರಡರ ಪರಮಾಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಆಮ್ಲಕ್ಕೆ ಹಾಕಿದರೂ, ಲವಣ ಮಾಡಿದರೂ ಒಂದು ಹೋದಲ್ಲಿ ಇನ್ನೊಂದು ಹೋಗುತ್ತದೆ. ಹಾಗಾಗಿಯೇ 1789ರಲ್ಲಿ ಕ್ಲಾಪ್ರೋತ್ ಜಿರ್ಕೋನಿಯಂ ಗುರುತಿಸಿದ ಮೇಲೂ ಸುಮಾರು 130 ವರ್ಷ ಅದರ ಜೊತೆಗಾರ ಯಾರ ಕಣ್ಣಿಗೂ ಬೀಳಲಿಲ್ಲ.

ಹುಡುಕಾಟದ ಕಥೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಮೋಸ್ಲಿ ಎಕ್ಸ್‌ರೇ ಬಳಸಿ ಧಾತುಗಳಿಗೆ ಕ್ರಮಸಂಖ್ಯೆ ಕೊಟ್ಟಾಗ 72ರ ಜಾಗ ಖಾಲಿ ಉಳಿಯಿತು. ಫ್ರಾನ್ಸಿನ ಉರ್ಬೇನ್ ಅದು ತನ್ನ 'ಸೆಲ್ಟಿಯಂ' ಎಂದರು. ವಿರಳ ಭಸ್ಮಗಳ ಗುಂಪಿನದು ಎಂಬುದು ಅವರ ವಾದ. ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಒಪ್ಪಲಿಲ್ಲ. ಅವರ ಲೆಕ್ಕದ ಪ್ರಕಾರ 72 ಜಿರ್ಕೋನಿಯಂನ ನಂಟ. ಅಲ್ಲೇ ಇದ್ದ ಡಚ್ಚರ ಕಾಸ್ಟರ್ ಮತ್ತು ಹಂಗೇರಿಯ ಹೆವೆಶಿ ಜಿರ್ಕಾನ್ ಮಾದರಿಗಳಿಗೆ ಎಕ್ಸ್‌ರೇ ಹಾಯಿಸಿದರು, ಗೆರೆಗಳು ಕಂಡವು. ಆಗ 1922ರ ಡಿಸೆಂಬರ್. ಬೋರ್ ನೊಬೆಲ್ ಪಡೆಯಲು ಸ್ಟಾಕ್‌ಹೋಮ್‌ನಲ್ಲಿದ್ದರು. ಕಾಸ್ಟರ್ ಫೋನು ಮಾಡಿ ಸುದ್ದಿ ಮುಟ್ಟಿಸಿದರು, ಬೋರ್ ಅದನ್ನು ನೊಬೆಲ್ ಭಾಷಣದ ಕೊನೆಯಲ್ಲೇ ಸೇರಿಸಿಬಿಟ್ಟರು! ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರು ಹಾಫ್ನಿಯಾ. ಲೋಹಕ್ಕೂ ಅದೇ ಹೆಸರಾಯಿತು. ಮೋಸ್ಲಿ ಮಾತ್ರ ಇದನ್ನು ನೋಡಲಿಲ್ಲ, 1915ರಲ್ಲೇ ಗಲಿಪೊಲಿ ಯುದ್ಧದಲ್ಲಿ 27ರ ವಯಸ್ಸಿಗೇ ತೀರಿಕೊಂಡಿದ್ದರು.

ರಸಾಯನದಲ್ಲಿ ಇಷ್ಟು ಒಂದೇ ಥರ ಇರುವ ಇವೆರಡೂ ನ್ಯೂಟ್ರಾನ್ ಎದುರಿಗೆ ಪೂರ್ತಿ ಉಲ್ಟಾ. ಜಿರ್ಕೋನಿಯಂ ನ್ಯೂಟ್ರಾನನ್ನು ಹೆಚ್ಚುಕಡಿಮೆ ಸುಮ್ಮನೆ ಹೋಗಲು ಬಿಡುತ್ತದೆ, ಹಾಫ್ನಿಯಂ ಅದಕ್ಕಿಂತ ಸುಮಾರು 500-600 ಪಟ್ಟು ಹೆಚ್ಚು ನುಂಗುತ್ತದೆ. ಕೈಗಾದಲ್ಲಿ ಬಳಸುವುದು ನೈಸರ್ಗಿಕ ಯುರೇನಿಯಂ, ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇ. 0.7 ಮಾತ್ರ. ಒಂದೊಂದು ನ್ಯೂಟ್ರಾನಿಗೂ ಲೆಕ್ಕ ಇಡಬೇಕಾದ ಕಡೆ ಕೊಳವೆಯೇ ನುಂಗಣ್ಣನಾದರೆ ಹೇಗೆ? ಆದ್ದರಿಂದ ಜಿರ್ಕೋನಿಯಂನಲ್ಲಿ ಹಾಫ್ನಿಯಂ 10,000 ಪಾಲಿಗೆ 1 ಪಾಲನ್ನೂ ಮೀರಬಾರದು. ನೈಟ್ರಿಕ್ ಆಮ್ಲದ ದ್ರಾವಣವನ್ನು ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ದ್ರವದ ಜೊತೆ ಮತ್ತೆ ಮತ್ತೆ ಕಲಕಿ ಇವೆರಡನ್ನು ಬಿಡಿಸುತ್ತಾರೆ. ನನಗಂತೂ ಇಡೀ ಕಥೆಯಲ್ಲಿ ದೊಡ್ಡ ಕೆಲಸ ಅನಿಸುವುದು ಇದೇ.

ಓಡಿಸಿದ್ದನ್ನು ಬಿಸಾಡುವುದಿಲ್ಲ. ನ್ಯೂಟ್ರಾನ್ ನುಂಗುವ ಗುಣವೇ ಬೇಕಾದ ಕಡೆ, ಅಂದರೆ ಅಮೆರಿಕದ ಅಣು ಸಬ್‌ಮರೀನ್‌ಗಳ ನಿಯಂತ್ರಣ ಸರಳುಗಳಿಗೆ, ಹಾಫ್ನಿಯಂ ಬಂತು. ರಾಕೆಟ್ ನಳಿಕೆಗಳ ನಯೋಬಿಯಂ ಮಿಶ್ರಲೋಹವೊಂದರಲ್ಲಿ ಶೇ. 10 ಇದೆ. 2007ರಿಂದ ಇಂಟೆಲ್ ತನ್ನ ಚಿಪ್‌ಗಳಲ್ಲಿ ಕರೆಂಟು ಸೋರದಂತೆ ಹಾಫ್ನಿಯಂ ಆಕ್ಸೈಡ್ ಪದರ ಬಳಸಿತು.

ಇದು ಕರಗಲು 2,233 ಡಿಗ್ರಿ ಸೆಲ್ಸಿಯಸ್ ಬೇಕು. ಕಬ್ಬಿಣದ ಹಾಳೆ ಕತ್ತರಿಸುವ ವರ್ಕ್‌ಶಾಪಿನಲ್ಲಿ ಪ್ಲಾಸ್ಮಾ ಕಟರ್ ಕಂಡರೆ ಅದರ ತಾಮ್ರದ ಎಲೆಕ್ಟ್ರೋಡ್ ಬಿಚ್ಚಿ ತೋರಿಸಲು ಹೇಳಿ. ತುದಿಯ ನಟ್ಟನಡುವೆ ಬೂದುಬಣ್ಣದ ಒಂದು ಚುಕ್ಕೆ ಇರುತ್ತದೆ, ಅದು ಹಾಫ್ನಿಯಂ. ಸವೆದು ಗುಳಿ ಬಿದ್ದಾಗ ಹುಡುಗರು ಅದನ್ನು ತೆಗೆದು ಹೊಸದು ಹಾಕುತ್ತಾರೆ.