ಬೇಲಿ ಹತ್ತಿ ಪಡೆದ ನೆಲ

ಕಲಾಮಂದಿರವೆಂದರೆ ನಾಲ್ಕು ಗೋಡೆ, ಒಂದು ರಂಗಮಂಚ ಎಂದೇ ನಾನು ಬಗೆದಿದ್ದೆ. ಅಮೆರಿಕದ ಸಿಯಾಟಲ್ ನಗರದಲ್ಲಿರುವ ಡೇಬ್ರೇಕ್ ಸ್ಟಾರ್ ಕೇಂದ್ರದ ವೃತ್ತಾಂತ ಆ ಎಣಿಕೆಯನ್ನು ತಿದ್ದಿತು. ಹುಟ್ಟಿದ ನಾಡನ್ನು ಬಿಟ್ಟು ಪಟ್ಟಣ ಸೇರಿದ್ದ ನಾನಾ ಬುಡಕಟ್ಟುಗಳ ಮೂಲನಿವಾಸಿಗಳು ಅಲ್ಲಿ ಮೊದಲು ಕೇಳಿದುದು ನೆಲವನ್ನು. 1970ರ ಮಾರ್ಚ್ ತಿಂಗಳಲ್ಲಿ ಬರ್ನಿ ವೈಟ್‌ಬೇರ್ ಮೊದಲಾದವರು ಫೋರ್ಟ್ ಲಾಟನ್ ಎಂಬ ಸೇನಾ ಠಾಣ್ಯದ ಬೇಲಿ ಹತ್ತಿಳಿದು ಡೇರೆ ಹೂಡಿದರು, ಸೆರೆಯಾದರು, ಮತ್ತೆ ಬಂದರು. ಕಡೆಗೆ ದೊರೆತುದು 20 ಎಕರೆ, ಅದೂ 99 ವರ್ಷಗಳ ಗುತ್ತಿಗೆಗೆ! ಮೂಲನಿವಾಸಿಗಳದೇ ಆಗಿದ್ದ ನೆಲಕ್ಕೆ ಅವರೇ ಒಕ್ಕಲು. ಇದು ನನಗೆ ನುಂಗಲಾರದ ತುತ್ತು. ಆದರೂ ಅವರು ಕಟ್ಟಿದರು. ಬರ್ನಿಯವರ ಅಣ್ಣ, ಶಿಲ್ಪಿ ಲಾನಿ ರೇಯೆಸ್, ಕಟ್ಟಡದ ವಿನ್ಯಾಸಕ್ಕೆ ಕೈಹಾಕಿದರು. 1977ರಲ್ಲಿ ಬಾಗಿಲು ತೆರೆಯಿತು. ಬೇಸಗೆಯ ಪೌವೌ ಕುಣಿತ ಮಾತ್ರ ನಡೆಯುವುದು ಆ ಗೋಡೆಗಳ ಹೊರಗೆ, ಬಯಲಿನಲ್ಲಿ.