ನೀರು ಕಡಿಮೆ, ಗಾಳಿ ಹೆಚ್ಚು

ಟೆಕ್ಸಸ್‌ನ ಡಲ್ಲಾಸ್‌ಗೆ ಉತ್ತರದಲ್ಲಿರುವ ಅಲೆನ್ ಊರಿನಲ್ಲಿ ಬೇಸಿಗೆಯ ಮಧ್ಯಾಹ್ನ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ. ಅಂಗಡಿಯಲ್ಲಿ ಕೊಂಡ ಐಸ್‌ಕ್ರೀಮ್ ಕಾರಿನಲ್ಲಿ ಮನೆ ಸೇರುವ ಹೊತ್ತಿಗೆ ಅಂಚಿನಲ್ಲಿ ಕರಗಿರುತ್ತದೆ. ಅದನ್ನೇ ಫ್ರೀಜರಿಗೆ ತಳ್ಳಿ ಮರುದಿನ ತಿಂದರೆ ನಾಲಿಗೆಗೆ ಹರಳು ಹರಳಾಗಿ ತಗಲುತ್ತದೆ. ಕೆನೆ, ಸಕ್ಕರೆಯ ಪ್ರಮಾಣ ಒಂದಿಷ್ಟೂ ಬದಲಾಗಿಲ್ಲ. ಮಂಜಿನ ಹರಳುಗಳು ದೊಡ್ಡವಾಗಿವೆ, ಅಷ್ಟೆ. ಹರಳು ಸುಮಾರು 50 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು, ಮೀರಿತೆಂದರೆ ನಾಲಿಗೆ ಅದನ್ನು ಗುರುತಿಸಿಬಿಡುತ್ತದೆ. ಐಸ್‌ಕ್ರೀಮ್ ಮಾಡುವ ಕಸುಬೆಲ್ಲ ಈ ಹರಳುಗಳನ್ನು ಬೆಳೆಯಗೊಡದಿರುವುದರಲ್ಲಿದೆ.

ಯಂತ್ರ ಮಾಡುವುದೂ ಅದನ್ನೇ. ತಣ್ಣನೆಯ ಗೋಡೆಗೆ ಅಂಟುವ ಮಂಜನ್ನು ಅದರ ಅಲಗು ಕೆರೆದು ಪುಡಿಮಾಡುತ್ತಲೇ ಇರುತ್ತದೆ, ಜೊತೆಗೆ ಗಾಳಿಯನ್ನೂ ಒಳಗೆ ಸೇರಿಸುತ್ತದೆ. ಅಮೆರಿಕದ ನ್ಯಾನ್ಸಿ ಜಾನ್ಸನ್ ಕೈಯಿಂದ ತಿರುಗಿಸುವ ಇಂಥ ಸಾಧನಕ್ಕೆ 1843ರಲ್ಲಿ ಪೇಟೆಂಟ್ ಪಡೆದರು. ಹ್ಯೂಸ್ಟನ್ ಮತ್ತು ಆಸ್ಟಿನ್ ನಡುವಿನ ಬ್ರೆನಮ್ ಊರಿನಲ್ಲಿ 1907ರಲ್ಲಿ ಬೆಣ್ಣೆ ತಯಾರಿಕೆಗೆಂದು ಹುಟ್ಟಿ, 1911ರಲ್ಲಿ ಐಸ್‌ಕ್ರೀಮಿಗೆ ಕೈಹಾಕಿದ ಕಂಪನಿಯೇ ಇಂದು ಟೆಕ್ಸಸ್‌ನ ಮನೆಮಾತಾದ ಬ್ಲೂ ಬೆಲ್. ಆಗ ಅಲ್ಲಿ ದಿನಕ್ಕೆ ತಯಾರಾಗುತ್ತಿದ್ದುದು ಹೆಚ್ಚೆಂದರೆ ಎರಡು ಗ್ಯಾಲನ್.

ಆ ಹಳೆಯ ಪಾತ್ರೆಗಳ ಸುತ್ತ ಐಸ್ ಮತ್ತು ಕಲ್ಲುಪ್ಪು ತುಂಬುತ್ತಿದ್ದರು. ಶಾಲೆಯ ಮಕ್ಕಳು ಇಂದಿಗೂ ಜಿಪ್ ಚೀಲದಲ್ಲಿ ಹಾಲು-ಸಕ್ಕರೆ ಹಾಕಿ, ಅದನ್ನು ಐಸ್-ಉಪ್ಪಿನ ದೊಡ್ಡ ಚೀಲದೊಳಗಿಟ್ಟು ಕುಲುಕುವ ಪ್ರಯೋಗದ ಗುಟ್ಟೂ ಇದೇ. ಉಪ್ಪು ಬಿದ್ದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಲಾರದು. ಹಾಗಾಗಿ ಐಸ್ ಕರಗತೊಡಗುತ್ತದೆ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಶಾಖ ಬೇಕು. ಅದು ಸುತ್ತಲಿನಿಂದ, ಮುಖ್ಯವಾಗಿ ಒಳಗಿನ ಹಾಲಿನಿಂದ, ಶಾಖವನ್ನು ಎಳೆದುಕೊಳ್ಳುತ್ತದೆ. ಉಪ್ಪು-ಐಸ್ ಸರಿಯಾದ ಪ್ರಮಾಣದಲ್ಲಿದ್ದರೆ ಮಿಶ್ರಣ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಫ್ಯಾರನ್‌ಹೀಟ್ ತನ್ನ ಮಾಪನದ ಸೊನ್ನೆಯನ್ನು ಗುರುತಿಸಿದ್ದೂ ಐಸ್, ನೀರು, ನವಸಾಗರ ಬೆರೆಸಿದ ಇಂಥದೇ ಮಿಶ್ರಣದಿಂದ. ಅಮೆರಿಕದಲ್ಲಿ ಮನೆಯ ಫ್ರೀಜರಿಗೆ ಸೂಚಿಸುವ ತಂಪು ಕೂಡ ಸೊನ್ನೆ ಫ್ಯಾರನ್‌ಹೀಟ್, ಎಂದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್.

ತಂಪೇನೋ ಫ್ರೀಜರಿನಲ್ಲೇ ಸಿಗುತ್ತದೆ. ಆದರೆ ಕುಲುಕುವವರು, ಕೆರೆಯುವವರು ಯಾರೂ ಇಲ್ಲದಿದ್ದರೆ? ಹಾಗಿದ್ದರೆ ಹರಳಾಗುವ ನೀರನ್ನೇ ಮೊದಲು ಕಡಿಮೆ ಮಾಡಬೇಕು, ಗಾಳಿಯನ್ನು ಮುಂಚೆಯೇ ತುಂಬಿಡಬೇಕು. ಒಂದು ಡಬ್ಬಿ (396 ಗ್ರಾಂ) ಕಂಡೆನ್ಸ್ಡ್ ಮಿಲ್ಕ್, ಎರಡು ಕಪ್ ಹೆವಿ ವಿಪ್ಪಿಂಗ್ ಕ್ರೀಮ್, ಚಿಟಿಕೆ ಏಲಕ್ಕಿ ಪುಡಿ. ಅಲೆನ್‌ನ ಕನ್ನಡ ಮನೆಗಳಿಗೆ ಇಷ್ಟೂ ಪಕ್ಕದ ಅಂಗಡಿಯಲ್ಲೇ ಸಿಗುವ ಸಾಮಾನು. ಮೊಟ್ಟೆಯ ಪ್ರಶ್ನೆಯೇ ಬರುವುದಿಲ್ಲ.

ಈ ಡಬ್ಬಿಗೂ ಟೆಕ್ಸಸ್‌ಗೂ ನಂಟಿದೆ. 1836ರಲ್ಲಿ ಹ್ಯೂಸ್ಟನ್ ನಗರವನ್ನು ಅಳೆದು ನಕ್ಷೆ ಬರೆದವರಲ್ಲಿ ಒಬ್ಬರಾದ ಗೇಲ್ ಬೋರ್ಡನ್ ಮುಂದೆ 1856ರಲ್ಲಿ ಹಾಲು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಗಾಳಿ ಹೊರತೆಗೆದ ಮುಚ್ಚಿದ ಪಾತ್ರೆಯಲ್ಲಿ ಹಾಲು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಹೀಗಾಗಿ ತಳ ಹಿಡಿಯದೆ, ಸೀದ ವಾಸನೆ ಬರದೆ ನೀರು ಆವಿಯಾಗುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ ಸೈನಿಕರಿಗೆ ಸರಬರಾಜಾದ ಮೇಲೆ ಈ ಹಾಲು ಮನೆಮನೆಗೂ ಪರಿಚಿತವಾಯಿತು.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಹಸುವಿನ ಹಾಲಿನಲ್ಲಿ ಶೇ. 87ರಷ್ಟು ನೀರು. ಸಿಹಿ ಕಂಡೆನ್ಸ್ಡ್ ಮಿಲ್ಕಿನಲ್ಲಿ ಅದು ಸುಮಾರು ಶೇ. 27, ಕ್ರೀಮಿನಲ್ಲಿ ಸುಮಾರು ಶೇ. 58. ಎರಡನ್ನೂ ಬೆರೆಸಿದರೆ ಒಟ್ಟು ತೂಕದಲ್ಲಿ ನೀರು ಅರ್ಧಕ್ಕಿಂತ ಕಡಿಮೆ. ಆ ನೀರಿನಲ್ಲೂ ಸಕ್ಕರೆ ದಟ್ಟವಾಗಿ ಕರಗಿರುವುದರಿಂದ ಮೈನಸ್ 3 ಡಿಗ್ರಿಯ ಆಸುಪಾಸಿಗೆ ಇಳಿಯುವ ತನಕ ಹೆಪ್ಪುಗಟ್ಟಲು ಶುರುವೇ ಆಗುವುದಿಲ್ಲ. ಒಂದಷ್ಟು ನೀರು ಹರಳಾದಂತೆ ಉಳಿದ ದ್ರಾವಣ ಇನ್ನಷ್ಟು ಗಟ್ಟಿಯಾಗಿ ಮತ್ತೂ ಕೆಳಗಿನ ತಂಪನ್ನು ಬೇಡುತ್ತದೆ. ಆದ್ದರಿಂದಲೇ ಮೈನಸ್ 18ರಲ್ಲೂ ಸ್ವಲ್ಪ ಪಾಕ ದ್ರವವಾಗಿಯೇ ಉಳಿದು, ಚಮಚ ಸಲೀಸಾಗಿ ಇಳಿಯುತ್ತದೆ. ಸಿಹಿ ಜಾಸ್ತಿಯಾಯಿತೆಂದು ಕಂಡೆನ್ಸ್ಡ್ ಮಿಲ್ಕನ್ನು ಅರ್ಧಕ್ಕೆ ಇಳಿಸಿದರೆ ಐಸ್‌ಕ್ರೀಮ್ ಕಲ್ಲಾಗುವುದೂ ಇದರಿಂದಲೇ.

ಇನ್ನು ಗಾಳಿ. ತಣ್ಣನೆಯ ಕ್ರೀಮನ್ನು ಬಡಿದಾಗ ಕೊಬ್ಬಿನ ಕಣಗಳ ಪೊರೆ ಅಲ್ಲಲ್ಲಿ ಹರಿದು, ಅವು ಒಂದಕ್ಕೊಂದು ಅಂಟಿ, ಗಾಳಿಗುಳ್ಳೆಗಳ ಸುತ್ತ ಬಲೆ ಕಟ್ಟುತ್ತವೆ. ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೊಬ್ಬು ಅರೆಗಟ್ಟಿಯಾಗಿದ್ದರಷ್ಟೇ ಈ ಬಲೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಮೊಸರು ಕಡೆಯುವಾಗ ತಣ್ಣೀರು ಹಾಕದಿದ್ದರೆ ಬೆಣ್ಣೆ ಗಟ್ಟಿಯಾಗಿ ಒಂದುಗೂಡುವುದಿಲ್ಲ ಎಂದು ನಮ್ಮ ಹೆಂಗಸರಿಗೆ ಗೊತ್ತಿದೆಯಲ್ಲ, ಇಲ್ಲಿಯೂ ಅದೇ ನಿಯಮ. ಪಾತ್ರೆಯನ್ನೂ ಬಡಿಯುವ ಕಡ್ಡಿಯನ್ನೂ ಫ್ರೀಜರಿನಲ್ಲಿಟ್ಟು ತೆಗೆದರೆ ಕೆಲಸ ಸುಲಭ. ಮೆತ್ತನೆಯ ಶಿಖರ ನಿಂತೊಡನೆ ಬಡಿಯುವುದನ್ನು ನಿಲ್ಲಿಸಬೇಕು. ಮುಂದುವರಿಸಿದರೆ ಸಿಗುವುದು ಬೆಣ್ಣೆ. ಅಮೆರಿಕದಲ್ಲಿ ಹೆವಿ ಕ್ರೀಮ್ ಎನ್ನಿಸಿಕೊಳ್ಳಲು ಕನಿಷ್ಠ ಶೇ. 36 ಕೊಬ್ಬಿರಬೇಕು. ಬೆಂಗಳೂರಿನಲ್ಲಿ ಪೊಟ್ಟಣದಲ್ಲಿ ಸಿಗುವ ಶೇ. 25 ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಬಡಿದರೂ ಹೀಗೆ ನಿಲ್ಲದು. ಅಲ್ಲಿ ವಿಪ್ಪಿಂಗ್ ಕ್ರೀಮನ್ನೇ ಕೇಳಿ ತರಬೇಕು.

ಬಡಿದ ಕ್ರೀಮಿನ ಒಂದು ಪಾಲನ್ನು ಮೊದಲು ಕಂಡೆನ್ಸ್ಡ್ ಮಿಲ್ಕಿಗೆ ಬೆರೆಸಿ ಹಗುರ ಮಾಡಿಕೊಂಡು, ಉಳಿದದ್ದನ್ನು ಗುಳ್ಳೆ ಒಡೆಯದಂತೆ ಮಗುಚಿ ಸೇರಿಸಬೇಕು. ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ಬೇಗ ತಂಪೇರುತ್ತದೆ, ಹರಳು ಸಣ್ಣದಾಗಿ ಉಳಿಯುತ್ತದೆ. ಮೇಲ್ಮೈಗೆ ತಾಗುವಂತೆ ಹಾಳೆ ಮುಚ್ಚಿ ಫ್ರೀಜರಿನ ಹಿಂಭಾಗದಲ್ಲಿಡುವುದು ಒಳ್ಳೆಯದು. ಬಾಗಿಲ ಬಳಿ ಇಟ್ಟರೆ ತೆರೆದಾಗಲೆಲ್ಲ ಸಣ್ಣ ಹರಳು ಕರಗಿ, ಮತ್ತೆ ತಂಪೇರಿದಾಗ ಆ ನೀರು ದೊಡ್ಡ ಹರಳುಗಳಿಗೆ ಅಂಟುತ್ತದೆ.

ನಮ್ಮ ಕುಲ್ಫಿಯೂ ಯಂತ್ರವಿಲ್ಲದ್ದೇ. ಅದು ಹಾಲನ್ನು ಬತ್ತಿಸಿ ನೀರು ಕಳೆಯುತ್ತದೆ, ಗಾಳಿಯ ಗೋಜಿಗೆ ಹೋಗುವುದಿಲ್ಲ. ಅದಕ್ಕೇ ಅಷ್ಟು ಗಟ್ಟಿ, ಕರಗುವುದೂ ನಿಧಾನ. ಈ ತತ್ವ ತಿಳಿದರೆ ಹೊಸ ರುಚಿಗಳಿಗೆ ಬೇರೆ ಪಾಠ ಬೇಕಿಲ್ಲ. ಸೇರಿಸುವ ವಸ್ತುವಿನಲ್ಲಿ ನೀರೆಷ್ಟಿದೆ ಎಂದು ಮೊದಲು ನೋಡಿಕೊಳ್ಳಿ. ಮಾವಿನ ತಿರುಳಿನಲ್ಲಿ ಬಹುಪಾಲು ನೀರೇ, ಒಲೆಯ ಮೇಲೆ ಬತ್ತಿಸಿ ಆರಿಸಿ ಹಾಕಿ. ಕಾಫಿ ರುಚಿ ಬೇಕೆಂದರೆ ಎರಡನೇ ಸಲ ಇಳಿಸಿದ ತೆಳು ಡಿಕಾಕ್ಷನ್ ಬೇಡ, ಮೊದಲ ಗಟ್ಟಿ ಡಿಕಾಕ್ಷನ್ ಎರಡು ಚಮಚ ಸಾಕು.