ಅಂಗಡಿಯ ಮುಖ ಯಾರ ಸೊತ್ತು?

ಅಂಗಡಿಯೊಳಗಿನ ಸಾಮಾನು ಅಂಗಡಿಯವನದು, ಸಂಶಯವಿಲ್ಲ. ಗೋಡೆಯೂ ಮಾಡೂ ಅವನದೇ. ಆದರೆ ಬೀದಿಗೆ ಕಾಣುವ ಅದರ ಮುಖ? ಅದನ್ನು ಅಂಗಡಿಯವನು ನೋಡುವುದು ಕಡಿಮೆ. ನೋಡುವವರು ದಾರಿಹೋಕರಾದ ನಾವು. ಹಾಗಾದರೆ ಆ ಮುಖ ಎಷ್ಟು ಎತ್ತರವಿರಬೇಕು, ಯಾವ ಬಣ್ಣದ್ದಿರಬೇಕು, ಅದರ ಮೇಲೆ ಯಾವ ಲಿಪಿ ಇರಬೇಕೆಂಬುದನ್ನು ನಿರ್ಣಯಿಸುವವರು ಯಾರು? ಹೊರದೇಶಗಳಲ್ಲಿ ಇದಕ್ಕೆಂದೇ ಊರೂರಿನ ಸಮಿತಿಗಳಿವೆ. ನಮ್ಮಲ್ಲಿ ಸಮಿತಿ ಅಪರೂಪ. ನಿರ್ಣಯ ಮಾತ್ರ ದಿನನಿತ್ಯ ನಡೆಯುತ್ತಲೇ ಇದೆ.

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ದಕ್ಷಿಣ ಸೊಲ್ಲಾಪುರ ತಾಲೂಕಿಗೆ ಸೇರಿದ ಬೋರಾಮಣಿ ಎಂಬ ಊರಿದೆ. ಆ ತಾಲೂಕಿನಲ್ಲೂ ನೆರೆಯ ಅಕ್ಕಲಕೋಟೆಯಲ್ಲೂ ಬಹಳಷ್ಟು ಮಂದಿಯ ಮನೆಮಾತು ಕನ್ನಡ, ಆಡಳಿತದ ಮಾತು ಮರಾಠಿ. ನಮ್ಮ ಜಿಲ್ಲೆಯ ಓದುಗರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1967ರ ಮಹಾಜನ ಆಯೋಗದ ವರದಿಯು ಅಕ್ಕಲಕೋಟೆಯನ್ನೂ ದಕ್ಷಿಣ ಸೊಲ್ಲಾಪುರದ ಕೆಲವು ಹಳ್ಳಿಗಳನ್ನೂ ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಸಲಹೆ ಮಾಡಿತ್ತು. ಸಲಹೆ ಕಡತದಲ್ಲೇ ಉಳಿಯಿತು. ಅವರೂ ನಾವೂ ಒಂದೇ ವರದಿಯ ಹಾಳೆಗಳಲ್ಲಿ ಉಳಿದುಹೋದ ನೆಂಟರು.

ಬೇಸಗೆ ರಜೆಯಲ್ಲಿ ಆ ಕಡೆ ಹೋಗಿದ್ದ ನಾವು ಕೆಲವು ಅಧ್ಯಾಪಕರು ಹೆದ್ದಾರಿಯ ಬದಿಯ ಒಂದು ಕಿರಾಣಿ ಅಂಗಡಿಯಲ್ಲಿ ಮಾತಿಗೆ ನಿಂತೆವು. ಬೋರ್ಡಿನ ಮುಕ್ಕಾಲು ಪಾಲು ಒಂದು ಕಂಪೆನಿಯ ಹೆಸರು ಮತ್ತು ಬಣ್ಣ. ಕೆಳಗಿನ ಮೂಲೆಯಲ್ಲಿ ಅಂಗಡಿಯ ಹೆಸರು ಮರಾಠಿಯಲ್ಲಿ. ಒಳಗೆ ವ್ಯಾಪಾರವೆಲ್ಲ ಕನ್ನಡದಲ್ಲಿ. ಕಾರಣ ಕೇಳಿದರೆ ಮಾಲೀಕರು ನಕ್ಕರು. “ಬೋರ್ಡ ನಮ್ದಲ್ರೀ ಸರ, ಕಂಪನೀದು. ಗ್ವಾಡಿ ಅಷ್ಟ ನಮ್ದು,” ಎಂದರು.

ಮೂರು ಕೈಗಳು

ಆ ಒಂದು ಮಾತಿನಲ್ಲಿ ವಿಷಯದ ತಿರುಳಿದೆ. ಹಳ್ಳಿಪೇಟೆಯ ಅಂಗಡಿಗೆ ರೂಪ ಕೊಡುವ ಕೈಗಳು ಮೂರು.

ಮೊದಲನೆಯದು ರಸ್ತೆ. ಊರ ಹೊರಗಿನ ಬಯಲಿನಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟಡ ಕೂಡದು, 75 ಮೀಟರಿನ ವರೆಗೆ ಕಟ್ಟುವುದಾದರೂ ನಿಯಂತ್ರಣವಿರಬೇಕು ಎಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸು ಹಾಕಿಕೊಟ್ಟ ಅಳತೆ. ಅಂಗಡಿ ಹಿಂದೆ ಸರಿದಷ್ಟೂ ಬೋರ್ಡು ದೊಡ್ಡದಾಗುತ್ತದೆ. ವೇಗದಲ್ಲಿ ಹೋಗುವ ವಾಹನಕ್ಕೆ ಕಾಣಬೇಡವೇ? ಎರಡನೆಯದು ಸರಕಾರದ ಕಾನೂನು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೂ ದೇವನಾಗರಿಯಲ್ಲಿ ಮರಾಠಿ ಬೋರ್ಡು ಕಡ್ಡಾಯ. ಮೂರನೆಯ ಕೈ ಕಂಪೆನಿಯದು. ಬೋರ್ಡು ಪುಕ್ಕಟೆ, ಬಣ್ಣ ಪುಕ್ಕಟೆ. ಬಡ ವ್ಯಾಪಾರಿ ಬೇಡವೆನ್ನುವುದು ಹೇಗೆ? ಸೊಲ್ಲಾಪುರದಿಂದ ಮಂಜೇಶ್ವರದ ವರೆಗೆ ಅಂಗಡಿಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುವ ಗುಟ್ಟು ಇದು.

ಈ ಮೂವರೂ ಊರಿನವರಲ್ಲ, ಮೂವರೂ ಊರಿನವರನ್ನು ಕೇಳಿದವರಲ್ಲ. ಸಮಿತಿ ಇಲ್ಲದ ಊರಿನಲ್ಲಿ ಕಂಪೆನಿಯೇ ಸಮಿತಿ.

ಇದು ಕೇವಲ ಅಂದಚೆಂದದ ಮಾತೆಂದು ತಳ್ಳಿಹಾಕುವಂತಿಲ್ಲ. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರದಲ್ಲಿ ಗಾಳಿಮಳೆಗೆ ಪೆಟ್ರೋಲು ಬಂಕಿನ ಮೇಲೆ ಉರುಳಿದ ಜಾಹೀರಾತು ಫಲಕದ ಅಳತೆ ಉದ್ದಗಲ 120 ಅಡಿ. ಮಹಾನಗರಪಾಲಿಕೆಯ ಮಿತಿ 40 ಅಡಿ. ಸತ್ತವರು 17 ಮಂದಿ. ಅಳತೆ ನೋಡುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸಮಿತಿ ಬಂದರೆ ಸಾಕೇ?

ಅಮೆರಿಕದ ಸಾಂತಾ ಬಾರ್ಬರಾ ಎಂಬ ಪಟ್ಟಣ 1925ರ ಜೂನ್ 29ರ ಭೂಕಂಪದಲ್ಲಿ ಕುಸಿಯಿತು. ಮತ್ತೆ ಕಟ್ಟುವಾಗ ಪ್ರತಿಯೊಂದು ನಕಾಶೆಯನ್ನೂ ನೋಡಲು ಒಂದು ಸಮಿತಿ ನೇಮಕವಾಯಿತು. ಬಿಳಿ ಗೋಡೆ, ಕೆಂಪು ಹಂಚು, ಕಮಾನಿನ ಬಾಗಿಲು ಎಂಬ ಕ್ರಮ ಹೊರಟಿತು. ಸಮಿತಿ ಒಂದು ವರ್ಷವೂ ಬಾಳಲಿಲ್ಲ. ಆದರೆ ಅದು ಹಾಕಿದ ಮೇಲ್ಪಂಕ್ತಿ ಉಳಿದು, ಮುಂದೆ ಸಮಿತಿ ಮತ್ತೆ ಹುಟ್ಟಿತು. ಜಪಾನಿನ ಕ್ಯೋಟೋ ನಗರ 2007ರಲ್ಲಿ ಮಾಳಿಗೆಯ ಮೇಲಿನ ಬೋರ್ಡುಗಳನ್ನೂ ಮಿನುಗುವ ದೀಪಗಳನ್ನೂ ನಿಷೇಧಿಸಿತು. ಹಳೆಯ ಬೋರ್ಡು ಬದಲಿಸಲು ಏಳು ವರ್ಷಗಳ ಅವಕಾಶ ಕೊಟ್ಟಿತು. ಈ ಅವಕಾಶವೇ ಮುಖ್ಯ. ವ್ಯಾಪಾರಿಯ ಕಿಸೆಯನ್ನು ಮರೆತ ಸೌಂದರ್ಯ ನಿಲ್ಲುವುದಿಲ್ಲ.

ನಮ್ಮ ದೇಶದ ಉದಾಹರಣೆಗೆ ಬೋರಾಮಣಿಯ ರಾಜ್ಯದ ರಾಜಧಾನಿಗೇ ಹೋಗೋಣ. ಮುಂಬಯಿಯ ಬೋರಿಬಂದರಿನಿಂದ ಹುತಾತ್ಮ ಚೌಕಕ್ಕೆ ಹೋಗುವ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಪಾದಚಾರಿಗಳಿಗೆ ನೆರಳಾಗುವಂತೆ ಕಟ್ಟಡಗಳ ಕೆಳಅಂತಸ್ತಿನಲ್ಲಿ ಕಮಾನಿನ ಮೊಗಸಾಲೆ ಇರಲೇಬೇಕೆಂದು 1896ರಲ್ಲೇ ನಿಯಮವಾಗಿತ್ತು. ಕಟ್ಟಡಗಳ ಶೈಲಿ ಬೇರೆಬೇರೆ. ಒಂದು ಕಮಾನಿನ ಸಾಲು ಇಡೀ ಬೀದಿಯನ್ನು ಒಂದು ಮಾಡಿತು. ನೂರು ವರ್ಷದಲ್ಲಿ ಬೋರ್ಡುಗಳು ಆ ಕಮಾನುಗಳನ್ನು ಮುಚ್ಚಿಬಿಟ್ಟವು. 1995ರಲ್ಲಿ ಮುಂಬಯಿಗೆ ಪರಂಪರಾ ಕಟ್ಟಡಗಳ ನಿಯಮಗಳೂ ಅದಕ್ಕೊಂದು ಸಮಿತಿಯೂ ಬಂದವು. ಬಳಿಕ ವಾಸ್ತುಶಿಲ್ಪಿಗಳು ಅಂಗಡಿಯವರೊಡನೆ ಕುಳಿತು, ಬೋರ್ಡು ಕಮಾನಿನೊಳಗೆ ಹೇಗೆ ಕೂರಬೇಕೆಂದು ಗೊತ್ತುಮಾಡಿದರು. ಅಂಗಡಿಯವರು ತಾವೇ ಬೋರ್ಡುಗಳನ್ನು ಇಳಿಸಿದರು.

ಇದರ ಮಗ್ಗುಲಲ್ಲಿ ಹಂಪೆಯನ್ನಿಟ್ಟು ನೋಡಬೇಕು. ಅಲ್ಲಿಗೆ 2002ರ ಕಾನೂನಿನ ಬಲವುಳ್ಳ ಪ್ರಾಧಿಕಾರವಿದೆ. ಆದರೂ 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷನ ಎದುರಿನ ಬಜಾರದ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ಯಂತ್ರ ತಂದು ಕೆಡವಲಾಯಿತು. ಶಿಲೆಗೆ ರಕ್ಷಣೆ ಬೇಕು, ಒಪ್ಪೋಣ. ಆದರೆ ಬಜಾರದಲ್ಲಿ ಬದುಕಿದ್ದವರು ಬೀದಿಪಾಲಾದರು. ಬೆಂಗಳೂರಿಗೆ 1976ರಲ್ಲಿ ಬಂದ ನಗರ ಕಲಾ ಆಯೋಗವಾದರೋ ಹೊಸ ಶತಮಾನದ ಆರಂಭದಲ್ಲಿ ಸದ್ದಿಲ್ಲದೆ ಹೋಯಿತು. ಒಂದು ಕಡೆ ಅಧಿಕಾರ ಅತಿಯಾಯಿತು, ಇನ್ನೊಂದು ಕಡೆ ಅದನ್ನು ಉಳಿಸಿಕೊಳ್ಳುವ ಜನರಿರಲಿಲ್ಲ.

ಅಕ್ಷರದ ಪ್ರಶ್ನೆ

ಗಡಿನಾಡಿನಲ್ಲಿ ಬಣ್ಣಕ್ಕಿಂತ ಹೆಚ್ಚು ನೋವು ಕೊಡುವುದು ಅಕ್ಷರ. ಮಹಾರಾಷ್ಟ್ರದ ಕಾನೂನನ್ನು ಸರಿಯಾಗಿ ಓದಿದರೆ, ಮರಾಠಿ ಅಕ್ಷರ ಬೇರೆ ಭಾಷೆಯದಕ್ಕಿಂತ ಚಿಕ್ಕದಾಗಬಾರದೆಂದಿದೆಯೇ ಹೊರತು ಬೇರೆ ಭಾಷೆ ಬೇಡವೆಂದಿಲ್ಲ. ಅಕ್ಕಲಕೋಟೆಯ ವ್ಯಾಪಾರಿ ಮರಾಠಿಯ ಕೆಳಗೆ ಕನ್ನಡದ ಒಂದು ಸಾಲು ಬರೆಸಿದರೆ ಅದು ತಪ್ಪಲ್ಲ. ಅಕೋಲಾ ಜಿಲ್ಲೆಯ ಪಾತೂರು ನಗರಪರಿಷತ್ತಿನ ಬೋರ್ಡಿನಲ್ಲಿ ಮರಾಠಿಯೊಂದಿಗೆ ಉರ್ದು ಇದ್ದುದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, 2025ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಉರ್ದುವನ್ನು ಉಳಿಸಿಕೊಟ್ಟಿತು. ಭಾಷೆ ಇರುವುದು ಜನರಿಗೆ ವಿಷಯ ತಿಳಿಸುವುದಕ್ಕೆ ಎಂಬುದು ಆ ತೀರ್ಪಿನ ಸಾರ.

ಕರ್ನಾಟಕ 2024ರಲ್ಲಿ ಬೋರ್ಡಿನ 60 ಶೇಕಡಾ ಭಾಗ ಕನ್ನಡವಿರಬೇಕೆಂದು ಕಾನೂನು ಮಾಡಿದಾಗ ನಾವು ಹಿಗ್ಗಿದೆವು. ಹಿಗ್ಗಲಿ, ತಪ್ಪಿಲ್ಲ. ಆದರೆ ಕಾಸರಗೋಡಿನಲ್ಲಿ ಅಲ್ಪಸಂಖ್ಯಾತರಾಗಿ ನಾವು ಕೇಳುವ ಜಾಗವನ್ನು ಬೆಂಗಳೂರಿನಲ್ಲಿ ಬಹುಸಂಖ್ಯಾತರಾಗಿ ಇತರರಿಗೂ ಬಿಡಬೇಕಷ್ಟೆ. ನಾಡಿನ ಭಾಷೆಗೆ ಮೊದಲ ಮಣೆ, ನೆರೆಯವನ ಭಾಷೆಗೂ ಒಂದು ಮಣೆ. ಪಂಕ್ತಿಯಲ್ಲಿ ಎಬ್ಬಿಸುವುದು ಮಾತ್ರ ಸಲ್ಲದು.

ನಮ್ಮ ಪೇಟೆಗೆ

ತಲಪಾಡಿಯಿಂದ ಚೆಂಗಳದ ವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಎಷ್ಟೋ ಹಳೆಯ ಅಂಗಡಿಗಳ ಹಂಚಿನ ಮಾಡು, ಜಗಲಿ, ಕೈಬರಹದ ಬೋರ್ಡುಗಳು ಹೋದವು. ಉಪ್ಪಳ, ಕುಂಬಳೆಯಂಥ ಪೇಟೆಗಳು ಹೊಸ ಮುಖ ಹೊತ್ತುಕೊಳ್ಳುತ್ತಿವೆ. ಈ ಹೊತ್ತು ತಪ್ಪಿದರೆ ಮತ್ತೆ ಐವತ್ತು ವರ್ಷ ಕಾಯಬೇಕಾದೀತು.

ದೊಡ್ಡ ಆಯೋಗ ಬೇಡ. ಪಂಚಾಯತು ಮನಸ್ಸು ಮಾಡಿದರೆ ಇಬ್ಬರು ವ್ಯಾಪಾರಿಗಳು, ಒಬ್ಬ ಕಟ್ಟಡದ ಇಂಜಿನಿಯರ್, ಒಬ್ಬ ಬೋರ್ಡು ಬರೆಯುವ ಕಲಾವಿದ, ನಿತ್ಯ ಪೇಟೆಗೆ ಬರುವ ಒಬ್ಬ ಗೃಹಿಣಿ ಕುಳಿತು ಮಾತಾಡಬಹುದು. ಸದಸ್ಯರಲ್ಲಿ ಕನ್ನಡ ಬಲ್ಲವರೂ ಮಲಯಾಳ ಬಲ್ಲವರೂ ಇರಲಿ. ನಿಯಮ ಒಂದೇ ಪುಟದ್ದಾಗಿರಲಿ, ಎರಡೂ ಭಾಷೆಯಲ್ಲಿರಲಿ: ಮಳೆಗೆ ನಿಲ್ಲಲು ಜಗಲಿ, ಬೋರ್ಡಿಗೆ ಒಂದು ಅಳತೆ, ಅಂಗಡಿಯ ಹೆಸರು ಕಂಪೆನಿಯ ಹೆಸರಿಗಿಂತ ದೊಡ್ಡದು, ಮಲಯಾಳದ ಜೊತೆಗೆ ಕನ್ನಡ. ಬೇಡವೆನ್ನುವುದಾದರೆ ಕಾರಣವನ್ನು ಬರೆದು ಕೊಡಲಿ, ಬದಲಿಸಲು ಕಾಲಾವಕಾಶವನ್ನೂ ಕೊಡಲಿ.

ಸಪ್ತಭಾಷೆಗಳ ಸಂಗಮವೆಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ ನಾಡು ನಮ್ಮದು. ಪೇಟೆಯಲ್ಲಿ ಇಳಿದ ಪರಊರಿನವನಿಗೆ ಅದು ಬೋರ್ಡಿನಲ್ಲಿ ಕಾಣಬೇಕು. ಶಾಲೆಯಲ್ಲಿ ನಾವು ಕಲಿಸಿದ ಅಕ್ಷರವನ್ನು ಮಗು ಮೊದಲು ಕೂಡಿಸಿ ಓದುವುದು ದಾರಿಬದಿಯ ಅಂಗಡಿಯ ಹಣೆಯಲ್ಲಿ. ಅಲ್ಲಿ ಆ ಅಕ್ಷರವೇ ಇಲ್ಲವಾದರೆ ನಮ್ಮ ಕರಿಹಲಗೆಯೊಂದು ಎಷ್ಟೆಂದು ಹೋರಾಡೀತು?